ಸಿಗಡಿಯ ಜೀವಕೋಶದೊಳಕ್ಕೆ ವೈರಸ್ಸಿನ ಪ್ರವೇಶ: ಸಾಕ್ಷ್ಯಗಳ ಒಂದು ವಿಮರ್ಶೆ

೧

ಸಾಕಣೆಯ ಸಿಗಡಿಗೆ ತಗಲುವ ವೈರಸ್ ರೋಗಗಳಲ್ಲಿ ಬಿಳಿಚುಕ್ಕೆ ರೋಗವು ಅತ್ಯಂತ ವಿನಾಶಕಾರಿಯಾದುದೆಂದು ಪ್ರಸಿದ್ಧವಾಗಿದೆ. ಈ ರೋಗವನ್ನುಂಟುಮಾಡುವ ವೈರಸ್ಸು ಸಿಗಡಿಯ ಜೀವಕೋಶವನ್ನು ಹೇಗೆ ಪ್ರವೇಶಿಸುತ್ತದೆಂಬ ಪ್ರಶ್ನೆಯನ್ನು ಕುರಿತು ಹಾಲೆಂಡು, ಚೀನ, ತೈವಾನ್, ಥಾಯ್ಲೆಂಡ್, ಬೆಲ್ಜಿಯಂ, ಅಮೆರಿಕ ಮೊದಲಾದ ದೇಶಗಳ ವಿದ್ವಾಂಸರು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ವಿಪುಲವಾಗಿ ಬರೆದಿದ್ದಾರೆ. ಆ ಸಾಹಿತ್ಯದ ಕೆಲವು ಮುಖ್ಯ ನಿರ್ಣಯಗಳನ್ನೂ ಅವುಗಳ ಆಧಾರಗಳನ್ನೂ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನೊಬ್ಬನು ಇಂಥ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಪ್ರಯೋಗಶಾಲೆಯ ಕ್ರಮಗಳ ಯೋಗ್ಯಾಯೋಗ್ಯತೆಯನ್ನು ನಿರ್ಣಯಿಸುವ ಅಧಿಕಾರ ಆಯಾ ಶಾಸ್ತ್ರಜ್ಞರಿಗೆ ಸೇರಿದ್ದು, ಅದರಲ್ಲಿ ವಾದವಿಲ್ಲ. ಆದರೆ ಒಂದು ಸಾಕ್ಷ್ಯದಿಂದ ಎಷ್ಟನ್ನು ಹೇಳಬಹುದು, ಎಷ್ಟನ್ನು ಹೇಳಬಾರದು ಎಂಬ ವಿವೇಚನೆ ಎಲ್ಲ ಶಾಸ್ತ್ರಗಳಿಗೂ ಸಮಾನವಾದದ್ದು. ಒಂದು ಶಾಸನದಲ್ಲಿ ಒಬ್ಬ ರಾಜನ ಹೆಸರು ಒಂದು ಊರಿನೊಡನೆ ಕಾಣಬಂದರೆ, ಅವನು ಆ ಊರನ್ನು ಗೆದ್ದನೆಂದು ಬರೆಯುವುದು ಎಷ್ಟು ಅವಸರದ ಮಾತೋ, ವೈರಸ್ಸಿನ ಒಂದು ಪ್ರೋಟೀನು ಸಿಗಡಿಯ ಒಂದು ಪ್ರೋಟೀನಿಗೆ ಅಂಟಿಕೊಂಡರೆ ಅದೇ ಪ್ರವೇಶದ್ವಾರವೆಂದು ಸಾರುವುದೂ ಅಷ್ಟೇ ಅವಸರದ ಮಾತು.

ಈ ವಿವೇಚನೆ ಕೇವಲ ಪಾಂಡಿತ್ಯದ ವಿನೋದವಲ್ಲ. ಬಿಳಿಚುಕ್ಕೆ ರೋಗಕ್ಕೆ ಹೊಂಡದ ಮಟ್ಟದಲ್ಲಿ ಫಲಕಾರಿಯೆಂದು ಸಿದ್ಧವಾದ ಔಷಧವು ಇಂದಿಗೂ ಇಲ್ಲ. ರೋಗರಹಿತವಾದ ಮರಿಗಳನ್ನು ಆರಿಸುವುದು, ಹೊಂಡಕ್ಕೆ ಏಡಿ ಮುಂತಾದ ವಾಹಕಪ್ರಾಣಿಗಳು ನುಗ್ಗದಂತೆ ನೋಡಿಕೊಳ್ಳುವುದು, ನೀರನ್ನು ಶುದ್ಧಿಮಾಡುವುದು—ಸಾಕಣೆದಾರನ ಕೈಯಲ್ಲಿರುವುದು ಇಷ್ಟೆ. ಇಂಥ ಸ್ಥಿತಿಯಲ್ಲಿ “ವೈರಸ್ಸಿನ ಬಾಗಿಲು ಸಿಕ್ಕಿತು” ಎಂಬ ಮಾತಿಗೆ ಪ್ರಯೋಗಶಾಲೆಯಲ್ಲಿ ಒಂದು ಬೆಲೆ, ಸಾಲ ಮಾಡಿ ಹೊಂಡ ತುಂಬಿಸಿದವನ ಕಿವಿಯಲ್ಲಿ ಮತ್ತೊಂದು ಬೆಲೆ. ಬಾಗಿಲು ಸಿಕ್ಕಿದರೆ ಬೀಗವೂ ಸಿಕ್ಕಿತೆಂದೇ ಅವನು ಭಾವಿಸುತ್ತಾನೆ. ಆದಕಾರಣ ಆ ಮಾತನ್ನು ತೂಗಿ ನೋಡುವುದು ಅಗತ್ಯ.

೨

ಮೊದಲು ರೋಗದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ೧೯೯೨ರಲ್ಲಿ ತೈವಾನಿನಲ್ಲಿಯೂ ೧೯೯೩ರಲ್ಲಿ ಚೀನ ಮತ್ತು ಜಪಾನುಗಳಲ್ಲಿಯೂ ಈ ರೋಗ ಕಾಣಿಸಿಕೊಂಡಿತು. ಆ ವರ್ಷ ಚೀನದ ಸಾಕಣೆ ಸಿಗಡಿಯ ಉತ್ಪನ್ನವು ಹಿಂದಿನ ವರ್ಷದ ಅರ್ಧಕ್ಕಿಂತಲೂ ಕೆಳಗಿಳಿಯಿತು. ೧೯೯೪ರಿಂದ ಭಾರತದ ಕರಾವಳಿಯ ಹುಲಿಸಿಗಡಿ ಹೊಂಡಗಳಲ್ಲಿ ಇದರ ಹಾವಳಿ ಆರಂಭವಾಯಿತು. ಪಶ್ಚಿಮ ಕರಾವಳಿಯ ಹುಲಿಸಿಗಡಿಗಳಲ್ಲಿ ಕಂಡ ಈ ರೋಗವನ್ನು ಅಂಗಾಂಶ ಪರೀಕ್ಷೆಯಿಂದಲೂ ಬ್ಯಾಕ್ಟೀರಿಯ ಪರೀಕ್ಷೆಯಿಂದಲೂ ಪರಿಶೀಲಿಸಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿದ್ವಾಂಸರು ೧೯೯೭ರಲ್ಲಿ ಲೇಖನ ಪ್ರಕಟಿಸಿದರು. ರೋಗ ಹತ್ತಿದ ಹೊಂಡದಲ್ಲಿ ಮೂರರಿಂದ ಹತ್ತು ದಿನಗಳೊಳಗೆ ಬಹುಪಾಲು ಸಿಗಡಿಗಳೆಲ್ಲವೂ ಸಾಯುವುದುಂಟು. ಚಿಪ್ಪಿನ ಮೇಲೆ ಬಿಳಿಯ ಚುಕ್ಕೆಗಳು ಮೂಡುವುದರಿಂದ ಈ ಹೆಸರು ಬಂದಿತು.

ಪ್ರಾರಂಭದಲ್ಲಿ ಈ ವೈರಸ್ಸಿಗೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರು ಇದ್ದಿತು. ಜಪಾನಿನವರು ಅದನ್ನು ದಂಡಾಕಾರದ ವೈರಸ್ಸೆಂದರು. ತೈವಾನ್ ಮತ್ತು ಥಾಯ್ಲೆಂಡಿನವರು ಬ್ಯಾಕ್ಯುಲೋವೈರಸ್ಸೆಂದರು. ಬೇರೆಬೇರೆ ಬಿರುದುಗಳಿಂದ ಶಾಸನಗಳಲ್ಲಿ ಕಾಣಿಸಿಕೊಳ್ಳುವವನು ಒಬ್ಬನೇ ಅರಸನೆಂದು ಗೊತ್ತಾಗುವುದಕ್ಕೆ ಕಾಲ ಹಿಡಿಯುವಂತೆ, ಇವೆಲ್ಲ ಒಂದೇ ವೈರಸ್ಸೆಂದು ತಿಳಿಯುವುದಕ್ಕೂ ಕೆಲವು ವರ್ಷಗಳು ಹಿಡಿದವು. ೨೦೦೧ರಲ್ಲಿ ಅದರ ಜೀನುಗಳ ಪೂರ್ಣಪಾಠ ಪ್ರಕಟವಾದಾಗ, ಸುಮಾರು ಮೂರು ಲಕ್ಷ ಅಕ್ಷರಜೋಡಿಗಳ ಆ ಡಿ.ಎನ್.ಎ. ಯಾವ ಪರಿಚಿತ ಕುಟುಂಬಕ್ಕೂ ಸೇರತಕ್ಕುದಲ್ಲವೆಂದು ಕಂಡಿತು. ಅದಕ್ಕೆ ನಿಮಾವಿರಿಡೀ ಎಂಬ ಹೊಸ ಕುಟುಂಬವನ್ನೇ ಕಲ್ಪಿಸಬೇಕಾಯಿತು. ಲ್ಯಾಟಿನಿನಲ್ಲಿ ನಿಮ ಎಂದರೆ ದಾರ. ವೈರಸ್ಸಿನ ಒಂದು ತುದಿಯಲ್ಲಿರುವ ಬಾಲದಂತಹ ಎಳೆಯಿಂದ ಬಂದ ಹೆಸರಿದು.

ಹೆಸರಿನ ಈ ಪ್ರಸಂಗದಲ್ಲಿ ಒಂದು ಪಾಠವಿದೆ. ಕೀಟಗಳ ಬ್ಯಾಕ್ಯುಲೋವೈರಸ್ಸುಗಳು ಮೊದಲು ಮಧ್ಯಾಂತ್ರದ ಒಳಪದರದ ಕೋಶಗಳನ್ನು ಹಿಡಿಯುತ್ತವೆ. ಸಿಗಡಿಯ ವೈರಸ್ಸನ್ನೂ ಅದೇ ಹೆಸರಿನಿಂದ ಕರೆದರೆ, ಅದೂ ಅದೇ ದಾರಿ ಹಿಡಿಯುವುದೆಂದು ಓದುಗನು ಎಣಿಸುವುದು ಸಹಜ. ವಸ್ತುಸ್ಥಿತಿ ಬೇರೆ. ಇದು ಸಿಗಡಿಯ ಚರ್ಮಪದರ, ಕಿವಿರು, ರಕ್ತೋತ್ಪಾದಕ ಅಂಗಾಂಶ, ದುಗ್ಧಾಂಗ ಇವೇ ಮೊದಲಾದ, ಭ್ರೂಣದ ಹೊರಪದರ ಮತ್ತು ನಡುಪದರಗಳಿಂದ ಹುಟ್ಟಿದ ಅಂಗಗಳಲ್ಲಿ ಬೆಳೆಯುತ್ತದೆ. ಒಳಪದರದಿಂದ ಹುಟ್ಟಿದ ಮಧ್ಯಾಂತ್ರದ ಒಳಮೈ ಕೋಶಗಳಲ್ಲಿಯೂ ಜೀರ್ಣಗ್ರಂಥಿಯ ನಾಳಕೋಶಗಳಲ್ಲಿಯೂ ಬೆಳೆಯುವುದಿಲ್ಲ. ಒಂದು ತಪ್ಪು ಹೆಸರು ಒಂದು ತಪ್ಪು ನಿರೀಕ್ಷೆಯನ್ನು ಹುಟ್ಟಿಸಬಲ್ಲುದು.

೩

ಪ್ರವೇಶವೆಂಬ ಒಂದೇ ಶಬ್ದದಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ನೀರಿನಿಂದ ಅಥವಾ ಆಹಾರದಿಂದ ಸಿಗಡಿಯ ದೇಹದೊಳಕ್ಕೆ ವೈರಸ್ಸು ಬರುವುದು ಎಲ್ಲಿಂದ? ಜೀವಕೋಶದ ಹೊರಮೈಯಲ್ಲಿ ಅದನ್ನು ಹಿಡಿದುಕೊಳ್ಳುವ ವಸ್ತು ಯಾವುದು? ಹಿಡಿದುಕೊಂಡ ಮೇಲೆ ಅದು ಒಳಗೆ ಸಾಗುವುದು ಯಾವ ಮಾರ್ಗದಿಂದ? ಒಂದಕ್ಕೆ ದೊರೆತ ಉತ್ತರವನ್ನು ಮತ್ತೊಂದಕ್ಕೆ ಅನ್ವಯಿಸುವುದೇ ಈ ಸಾಹಿತ್ಯದ ದೊಡ್ಡ ದೋಷ.

ಮೊದಲ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಸತ್ತ ಸಿಗಡಿಯನ್ನು ಬದುಕಿರುವ ಸಿಗಡಿ ತಿನ್ನುತ್ತದೆ. ರೋಗ ಹೀಗೆ ಹರಡುತ್ತದೆಂಬುದು ನಿಶ್ಚಿತ. ನೀರಿನ ಮೂಲಕವೂ ಹರಡಬಲ್ಲುದು. ನೀರಿನಿಂದ ಬಂದಾಗ ಕಿವಿರೇ ದ್ವಾರವೆಂದು ಬಹುಕಾಲ ಬರೆಯುತ್ತ ಬಂದರು. ಇದಕ್ಕೆ ಕೊಟ್ಟ ಮುಖ್ಯ ಆಧಾರವೆಂದರೆ ರೋಗಗ್ರಸ್ತ ಸಿಗಡಿಯ ಕಿವಿರಿನಲ್ಲಿ ವೈರಸ್ಸು ಹೇರಳವಾಗಿ ಸಿಕ್ಕುತ್ತದೆಂಬುದು. ಆದರೆ ಸರ್ವಾಂಗವ್ಯಾಪಿಯಾದ ರೋಗದಲ್ಲಿ ವೈರಸ್ಸು ರಕ್ತದ ಮೂಲಕವೂ ಕಿವಿರಿಗೆ ಬರಬಹುದಷ್ಟೆ. ದಂಡು ಅರಮನೆಯ ಅಂಗಳದಲ್ಲಿ ಕಂಡಿತೆಂದ ಮಾತ್ರಕ್ಕೆ ಅದು ಯಾವ ಹೆಬ್ಬಾಗಿಲಿನಿಂದ ಬಂದಿತೆಂದು ಹೇಳಲಾಗದು.

ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾನಿಲಯದವರ ಕೆಲಸ ಇಲ್ಲಿ ಗಮನಾರ್ಹವಾದುದು. ಹೊರಕವಚ ಅಖಂಡವಾಗಿರುವ ಸಿಗಡಿಗೆ ವೈರಸ್ಸು ಬೆರೆತ ನೀರಿನಿಂದ ರೋಗ ಸುಲಭವಾಗಿ ತಗಲುವುದಿಲ್ಲ. ಆಗತಾನೆ ಚಿಪ್ಪು ಕಳಚಿದ ಅಥವಾ ಕವಚಕ್ಕೆ ಗಾಯವಾದ ಸಿಗಡಿಗೆ ಸುಲಭವಾಗಿ ತಗಲುತ್ತದೆಂದು ಅವರು ೨೦೦೯ರಲ್ಲಿ ತೋರಿಸಿದರು. ಹಾಗಾದರೆ ಕವಚದ ಹೊದಿಕೆಯಿಲ್ಲದ ಸ್ಥಳ ಯಾವುದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ೨೦೨೦ರಲ್ಲಿ ಅದೇ ವಿಶ್ವವಿದ್ಯಾನಿಲಯದವರು ಸಿಗಡಿಯ ಕುಡಿಮೀಸೆಯ ಬುಡದಲ್ಲಿ ತೆರೆದುಕೊಳ್ಳುವ ಮೂತ್ರಾಂಗದ ರಚನೆಯನ್ನು ವಿವರವಾಗಿ ಪ್ರಕಟಿಸಿದರು. ಹಿಂದೆ ಸಣ್ಣ ಗ್ರಂಥಿಯೆಂದು ಭಾವಿಸಿದ್ದ ಆ ಅಂಗವು ಹಲವು ಕವಲುಗಳಾಗಿ ಹರಡಿದ ದೊಡ್ಡ ರಚನೆಯೆಂದೂ, ಅದರ ರಂಧ್ರವೇ ರೋಗಾಣುಗಳ ಒಂದು ಮುಖ್ಯ ದ್ವಾರವೆಂದೂ ಅವರು ಸಾಧಿಸಿದರು. ಭಾರಿ ಮಳೆಯಿಂದ ಹೊಂಡದ ಉಪ್ಪು ಇಳಿದಾಗ ರೋಗ ಸಿಡಿಯುವುದನ್ನು ಸಾಕಣೆದಾರರು ಕಂಡೇ ಇದ್ದರು. ನೀರು ಮತ್ತು ಲವಣಗಳ ಸಮತೋಲವನ್ನು ಕಾಯುವ ಅಂಗವೇ ದ್ವಾರವೆಂದಾಗ ಆ ಅನುಭವಕ್ಕೆ ಒಂದು ಯುಕ್ತವಾದ ವಿವರಣೆ ದೊರೆಯುತ್ತದೆ.

ಇಲ್ಲಿ ವಿಮರ್ಶಕನು ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಜೀವಕೋಶದ ಗ್ರಾಹಕಗಳನ್ನು ಕುರಿತ ಪ್ರಯೋಗಗಳಲ್ಲಿ ಬಹುಪಾಲು ವೈರಸ್ಸನ್ನು ಸೂಜಿಯಿಂದ ಸಿಗಡಿಯ ಮಾಂಸಕ್ಕೆ ಚುಚ್ಚಿ ನಡೆಸಿದಂಥವು. ಪ್ರಯೋಗದ ಅನುಕೂಲಕ್ಕೆ ಅದು ಒಳ್ಳೆಯ ಕ್ರಮವೇ ಸರಿ. ಪ್ರತಿಯೊಂದು ಸಿಗಡಿಗೂ ಸಮಾನ ಪ್ರಮಾಣ ದೊರೆಯುತ್ತದೆ. ಆದರೆ ಸೂಜಿಯು ದೇಹದ ದ್ವಾರವನ್ನು ದಾಟಿಯೇ ವೈರಸ್ಸನ್ನು ಒಳಗಿಡುತ್ತದೆ. ಅಂಥ ಪ್ರಯೋಗದಲ್ಲಿ ಸಿಗಡಿಯನ್ನು ಉಳಿಸಿದ ವಸ್ತು, ಹೊಂಡದಲ್ಲಿ ಬಾಯಿಯಿಂದಲೋ ಮೂತ್ರರಂಧ್ರದಿಂದಲೋ ಬರುವ ವೈರಸ್ಸನ್ನು ತಡೆಯುವುದೆಂದು ಹೇಳುವುದಕ್ಕೆ ಆಧಾರ ಸಾಲದು.

೪

ಎರಡನೆಯ ಪ್ರಶ್ನೆಯ ಚರ್ಚೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರು ಪಡೆದದ್ದು ವಿ.ಪಿ. ೨೮ ಎಂಬ ಪ್ರೋಟೀನು. ವೈರಸ್ಸಿನ ಹೊರಪೊರೆಯಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಿವೆ. ಅವುಗಳಲ್ಲಿ ಪ್ರಮಾಣದಿಂದ ಇದೇ ಮುಖ್ಯವಾದುದು. ಹಾಲೆಂಡಿನ ವಾಗೆನಿಂಗೆನ್ ವಿಶ್ವವಿದ್ಯಾನಿಲಯದ ವಾನ್ ಹಲ್ಟನ್ ಮತ್ತು ಅವರ ಸಹೋದ್ಯೋಗಿಗಳು ೨೦೦೧ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿ.ಪಿ. ೨೮ಕ್ಕೆ ವಿರುದ್ಧವಾದ ಪ್ರತಿಕಾಯಗಳನ್ನು ಮೊಲದಲ್ಲಿ ಬೆಳೆಸಿ, ಆ ಮೊಲದ ರಕ್ತಸಾರವನ್ನು ವೈರಸ್ಸಿನೊಡನೆ ಬೆರೆಸಿ ಸಿಗಡಿಗೆ ಚುಚ್ಚಿದಾಗ ಸಾವು ತಗ್ಗಿತು. ಆದ್ದರಿಂದ ಸಿಗಡಿಯ ದೇಹದಲ್ಲಿ ರೋಗ ಹರಡಲು ವಿ.ಪಿ. ೨೮ ಅವಶ್ಯಕವೆಂಬ ನಿರ್ಣಯಕ್ಕೆ ಅವರು ಬಂದರು. ೨೦೦೪ರಲ್ಲಿ ಚೀನದ ವಿದ್ವಾಂಸರು ಈ ಪ್ರೋಟೀನನ್ನು ಹಸಿರು ಬೆಳಕು ಸೂಸುವ ಮತ್ತೊಂದು ಪ್ರೋಟೀನಿಗೆ ಜೋಡಿಸಿ, ಅದು ಸಿಗಡಿಯ ಕೋಶಗಳಿಗೆ ಅಂಟುವುದನ್ನು ಕಂಡರು. ೨೦೦೭ರಲ್ಲಿ ಸಿಂಗಪುರದವರು ಅದರ ಸ್ಫಟಿಕರಚನೆಯನ್ನು ಬಿಡಿಸಿ, ಮೂರು ಮೂರು ಒಂದಾಗಿ ಅದು ಹೊರಪೊರೆಯಿಂದ ಚಾಚಿ ನಿಂತಿರುವಂತೆ ತೋರಿಸಿದರು. ಇಷ್ಟೆಲ್ಲ ಕೂಡಿದ ಮೇಲೆ ವಿ.ಪಿ. ೨೮ ವೈರಸ್ಸಿನ ಕೀಲಿಕೈಯೆಂಬ ಮಾತು ಪಠ್ಯಗಳಲ್ಲಿ ನೆಲೆಯೂರಿತು.

ಆದರೆ ನಡುವೆ, ೨೦೦೬ರಲ್ಲಿ, ಅಮೆರಿಕದ ರೊಬಾಲಿನೊ ಮತ್ತು ಸಹೋದ್ಯೋಗಿಗಳ ಒಂದು ಲೇಖನ ಹೊರಬಂದಿತ್ತು. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿತೆಂದು ತೋರುವುದಿಲ್ಲ. ವಿ.ಪಿ. ೨೮ರ ಸಂಪರ್ಕವೇ ಇಲ್ಲದ ಸಾಮಾನ್ಯ ಮೊಲದ ರಕ್ತಸಾರವೂ ಈ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತದೆಂದು ಅವರು ತೋರಿಸಿದರು. ಇದರ ಅರ್ಥ ಸ್ಪಷ್ಟವಾಗಿದೆ. ಪ್ರತಿಕಾಯವಿರುವ ರಕ್ತಸಾರದಿಂದ ಸಿಗಡಿ ಬದುಕಿದರೆ, ಬದುಕಿಸಿದ್ದು ಪ್ರತಿಕಾಯವೋ ರಕ್ತಸಾರದ ಬೇರೆ ಯಾವುದಾದರೂ ಅಂಶವೋ ಎಂದು ಆ ಪ್ರಯೋಗದಿಂದಲೇ ಹೇಳಲು ಬರುವುದಿಲ್ಲ. ಹಾಲೆಂಡಿನ ಪ್ರಯೋಗಶಾಲೆಯ ಕೆಲವರೂ ಈ ಲೇಖನದ ಸಹಲೇಖಕರಾಗಿದ್ದುದು ಅವರ ಶಾಸ್ತ್ರನಿಷ್ಠೆಗೆ ಭೂಷಣ. ತಾವೇ ಮುಂದಿಟ್ಟ ಸಾಕ್ಷ್ಯವನ್ನು ತಾವೇ ಮತ್ತೆ ಪರೀಕ್ಷೆಗೆ ಒಡ್ಡುವುದು ನಮ್ಮ ಶಾಸ್ತ್ರದಲ್ಲಿಯೂ ಅಪರೂಪ.

ಇದರಿಂದ ವಿ.ಪಿ. ೨೮ಕ್ಕೆ ಪ್ರವೇಶದಲ್ಲಿ ಪಾತ್ರವೇ ಇಲ್ಲವೆಂದು ಸಿದ್ಧವಾಗುವುದಿಲ್ಲ. ಒಂದು ಸಾಕ್ಷ್ಯ ದುರ್ಬಲವಾಯಿತು. ಉಳಿದವು ಹಾಗೆಯೇ ಇವೆ. ಕೋಶಕ್ಕೆ ಅಂಟುವುದೆಂಬ ಸಾಕ್ಷ್ಯವಿದೆ. ಆದರೆ ಅಂಟುವುದೇ ಒಳಹೊಗುವುದಲ್ಲ. ಹೊರಚಾಚಿದ ಆಕಾರವೆಂಬ ಸಾಕ್ಷ್ಯವಿದೆ; ಆದರೆ ಆಕಾರವು ಕಾರ್ಯವನ್ನು ಸೂಚಿಸಬಲ್ಲುದೇ ಹೊರತು ಸ್ಥಾಪಿಸಲಾರದು. ಒಟ್ಟಿನಲ್ಲಿ ವಿ.ಪಿ. ೨೮ರ ಪಾತ್ರ ಸಂಭಾವ್ಯವೆಂದು ಹೇಳುವುದು ನ್ಯಾಯ. ಸಿದ್ಧವೆಂದು ಹೇಳುವುದು ಅತಿ. ದುರದೃಷ್ಟವಶಾತ್ ೨೦೦೬ರ ಅನಂತರವೂ ೨೦೦೧ರ ನಿರ್ಣಯವನ್ನು ಮಾತ್ರ ಉದ್ಧರಿಸುವ ಬರೆಹಗಳು ಬರುತ್ತಲೇ ಇವೆ. ಒಬ್ಬರು ಉದ್ಧರಿಸಿದ್ದನ್ನು ಹತ್ತು ಜನ ಉದ್ಧರಿಸಿದರೆ ಸಾಕ್ಷಿಗಳು ಹತ್ತಾಗುವುದಿಲ್ಲ. ಒಂದೇ ಮೂಲದ ಹತ್ತು ಪ್ರತಿಗಳಾಗುತ್ತವೆ. ಹಸ್ತಪ್ರತಿಗಳ ಪಾಠಪರಿಷ್ಕರಣದಲ್ಲಿ ಇದು ಮೊದಲ ಪಾಠ.

೫

ಇನ್ನು ಜೀವಕೋಶದ ಕಡೆಯಿಂದ ನೋಡೋಣ. ವೈರಸ್ಸನ್ನು ಹಿಡಿದುಕೊಳ್ಳುವ ಗ್ರಾಹಕವೆಂದು ಸೂಚಿತವಾದ ಪ್ರೋಟೀನುಗಳ ಪಟ್ಟಿ ದೀರ್ಘವಾದುದು: ರ‍್ಯಾಬ್ ೭, ಬೀಟಾ ಇಂಟೆಗ್ರಿನ್, ಕೈಟಿನ್ನಿಗೆ ಅಂಟುವ ಪ್ರೋಟೀನು, ಎ.ಟಿ.ಪಿ. ಸಂಶ್ಲೇಷಕದ ಒಂದು ಅಂಗ, ಗ್ಲೂಕೋಸ್ ವಾಹಕ, ಹಲವು ಲೆಕ್ಟಿನ್ನುಗಳು, ಇತ್ಯಾದಿ. ಎಲ್ಲವನ್ನೂ ಇಲ್ಲಿ ಪರಿಶೀಲಿಸುವುದು ಅಶಕ್ಯ. ಎರಡನ್ನು ಮಾತ್ರ ನಿದರ್ಶನವಾಗಿ ತೆಗೆದುಕೊಳ್ಳುತ್ತೇವೆ.

ರ‍್ಯಾಬ್ ೭ ವಿ.ಪಿ. ೨೮ಕ್ಕೆ ಅಂಟುವುದೆಂದು ಥಾಯ್ಲೆಂಡಿನ ವಿದ್ವಾಂಸರು ೨೦೦೬ರಲ್ಲಿ ಹುಲಿಸಿಗಡಿಯಲ್ಲಿ ಕಂಡುಹಿಡಿದರು. ವೈರಸ್ಸನ್ನು ಈ ಪ್ರೋಟೀನಿನೊಡನೆ ಬೆರೆಸಿ ಚುಚ್ಚಿದಾಗಲೂ, ಅದರ ವಿರುದ್ಧದ ಪ್ರತಿಕಾಯವನ್ನು ಕೊಟ್ಟಾಗಲೂ ಸಿಗಡಿಗಳು ಹೆಚ್ಚಾಗಿ ಬದುಕಿದವು. ಅಲ್ಲಿಂದ ಮುಂದೆ ಅನೇಕರು ಅದನ್ನು ವೈರಸ್ಸಿನ ಗ್ರಾಹಕವೆಂದೇ ಬರೆದರು. ಆದರೆ ಪ್ರಾಣಿಗಳ ಜೀವಕೋಶಗಳಲ್ಲಿ ರ‍್ಯಾಬ್ ೭ರ ಪರಿಚಿತವಾದ ಉದ್ಯೋಗವೇ ಬೇರೆ. ಹೊರಗಿನಿಂದ ಒಳಸೇರಿದ ವಸ್ತುಗಳನ್ನು ಹೊತ್ತ ಎಂಡೋಸೋಮ್ ಎಂಬ ಕಿರುಚೀಲಗಳು ಪಕ್ವವಾಗಿ ಮುಂದೆ ಸಾಗುವಂತೆ ಮಾಡುವುದು ಅದರ ಕೆಲಸ. ಅದು ಇರುವುದು ಆ ಚೀಲಗಳ ಹೊರಮೈಯಲ್ಲಿ, ಅಂದರೆ ಕೋಶರಸದ ಕಡೆಯಲ್ಲಿ. ಮನೆಯ ಹಿತ್ತಲಿನಲ್ಲಿ ಕೆಲಸ ಮಾಡುವವನು ಹೆಬ್ಬಾಗಿಲಿನಲ್ಲಿ ಅತಿಥಿಯನ್ನು ಬರಮಾಡಿಕೊಂಡನೆಂದರೆ, ಅವನು ಅಲ್ಲಿಗೆ ಬಂದುದು ಹೇಗೆಂದು ಕೇಳಲೇಬೇಕು. ಕೋಶದ ಹೊರಗೆ ಚುಚ್ಚಿದ ಪ್ರತಿಕಾಯವು ಕೋಶದೊಳಗಿನ ಪ್ರೋಟೀನನ್ನು ತಡೆದುದು ಹೇಗೆಂಬ ಪ್ರಶ್ನೆಯೂ ಇದರೊಡನೆ ಹುಟ್ಟುತ್ತದೆ.

೨೦೦೮ರಲ್ಲಿ ಥಾಯ್ಲೆಂಡಿನವರೇ ನಡೆಸಿದ ಮತ್ತೊಂದು ಪ್ರಯೋಗ ಇದಕ್ಕೆ ಬೆಳಕು ಚೆಲ್ಲುತ್ತದೆ. ರ‍್ಯಾಬ್ ೭ರ ಉತ್ಪತ್ತಿಯನ್ನೇ ಅಡಗಿಸಿದಾಗ ಬಿಳಿಚುಕ್ಕೆ ವೈರಸ್ಸಿನ ಜೊತೆಗೆ, ಅದಕ್ಕೆ ಯಾವ ನಂಟೂ ಇಲ್ಲದ ಹಳದಿತಲೆ ರೋಗದ ವೈರಸ್ಸೂ ಬೆಳೆಯಲಿಲ್ಲ. ಈ ಎರಡನೆಯದು ಆರ್.ಎನ್.ಎ. ವೈರಸ್ಸು, ಅದರ ಪೊರೆಯಲ್ಲಿ ವಿ.ಪಿ. ೨೮ ಇಲ್ಲ. ಎರಡಕ್ಕೂ ಬೇಕಾದುದು ಕೋಶದೊಳಗಿನ ಸಾಮಾನ್ಯ ಸಂಚಾರವ್ಯವಸ್ಥೆಯೆಂದು ಊಹಿಸುವುದು ಇಲ್ಲಿ ಹೆಚ್ಚು ಸರಳವಾದ ಮಾರ್ಗ. ರ‍್ಯಾಬ್ ೭ ವೈರಸ್ಸಿಗೆ ಅವಶ್ಯಕವೆಂಬುದು ನಿಲ್ಲುತ್ತದೆ. ಅದು ಬಾಗಿಲೆಂಬುದು ನಿಲ್ಲುವುದಿಲ್ಲ. ಹೀಗೆ ಮೂರನೆಯ ಪ್ರಶ್ನೆಯ ಉತ್ತರವು ಎರಡನೆಯದರ ಸ್ಥಾನದಲ್ಲಿ ಕುಳಿತಿತ್ತು.

ಎರಡನೆಯ ನಿದರ್ಶನ ಹೆಚ್ಚು ಗಟ್ಟಿಯಾದುದು. ೨೦೧೯ರಲ್ಲಿ ಚೀನದ ಶಾಂಡೊಂಗ್ ವಿಶ್ವವಿದ್ಯಾನಿಲಯದವರು ಕುರುಮ ಸಿಗಡಿಯಲ್ಲಿ ಒಂದು ಪ್ರೋಟೀನನ್ನು ಗ್ರಾಹಕವೆಂದು ಪ್ರಕಟಿಸಿದರು. ಇದು ಕೋಶದ ಹೊರಮೈಯಲ್ಲಿದೆ, ವೈರಸ್ಸಿನ ವಿ.ಪಿ. ೨೪ ಎಂಬ ಪ್ರೋಟೀನಿಗೆ ಅಂಟುತ್ತದೆ. ಇದನ್ನು ಅಡಗಿಸಿದರೆ ರೋಗ ಇಳಿಯುತ್ತದೆ, ಹೆಚ್ಚಿಸಿದರೆ ಏರುತ್ತದೆ. ಇದರ ಒಳತುದಿಯು ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿನ ಸಹಾಯದಿಂದ ಕ್ಲ್ಯಾಥ್ರಿನ್ನಿನ ವ್ಯವಸ್ಥೆಗೆ ಕೂಡಿಕೊಂಡು ವೈರಸ್ಸನ್ನು ಒಳಗೆಳೆದುಕೊಳ್ಳುತ್ತದೆ. ಬೇರೆಬೇರೆ ಬಗೆಯ ಸಾಕ್ಷ್ಯಗಳು ಒಂದೇ ಕಡೆಗೆ ಬೆರಳು ತೋರಿಸುವಾಗ ನಿರ್ಣಯಕ್ಕೆ ಬಲ ಬರುತ್ತದೆ. ಶಾಸನವೂ ನಾಣ್ಯವೂ ವಿದೇಶಿ ಪ್ರವಾಸಿಯ ಬರೆಹವೂ ಒಂದೇ ಮಾತನ್ನು ಹೇಳಿದಂತೆ ಇದು.

ಆದರೂ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದು, ಹೆಸರು. ಈ ಪ್ರೋಟೀನಿಗೆ ಇಮ್ಯುನೋಗ್ಲಾಬ್ಯುಲಿನ್ ಗ್ರಾಹಕದಂತಹುದೆಂಬ ಹೆಸರಿದೆ. ಸಿಗಡಿಯಲ್ಲಿ ಇಮ್ಯುನೋಗ್ಲಾಬ್ಯುಲಿನ್ನುಗಳೇ ಇಲ್ಲ. ಸಸ್ತನಿಗಳ ಒಂದು ಪ್ರೋಟೀನನ್ನು ಹೋಲುವುದರಿಂದ ಬಂದ ಹೆಸರಿದು. ಅದರಿಂದ ಸಿಗಡಿಗೂ ನಮ್ಮಂತಹ ಪ್ರತಿಕಾಯಗಳಿವೆಯೆಂದು ವಿದ್ಯಾರ್ಥಿ ಭ್ರಮಿಸಬಾರದು. ಎರಡನೆಯದು, ಜಾತಿ. ಈ ಕೆಲಸ ನಡೆದದ್ದು ಕುರುಮ ಸಿಗಡಿಯಲ್ಲಿ. ೨೦೦೯ರಲ್ಲಿ ಅನುಮತಿ ದೊರೆತ ಮೇಲೆ ಭಾರತದ ಹೊಂಡಗಳಲ್ಲಿ ಪ್ರಧಾನವಾಗಿರುವುದು ಶಾಂತಸಾಗರದ ವನ್ನಾಮೈ ಸಿಗಡಿ. ಒಂದರಲ್ಲಿ ಸಿದ್ಧವಾದದ್ದನ್ನು ಮತ್ತೊಂದರಲ್ಲಿ ಪರೀಕ್ಷಿಸಿಯೇ ಒಪ್ಪಬೇಕು.

೬

ಮೂರನೆಯ ಪ್ರಶ್ನೆಗೆ, ಅಂದರೆ ಒಳಮಾರ್ಗಕ್ಕೆ, ಕೆಲವು ಪ್ರಯೋಗಗಳು ಕ್ಲ್ಯಾಥ್ರಿನ್ನಿನ ಮಾರ್ಗವನ್ನೂ ಕೆಲವು ಕೊಲೆಸ್ಟರಾಲನ್ನು ಅವಲಂಬಿಸಿದ ಮಾರ್ಗವನ್ನೂ ಸೂಚಿಸುತ್ತವೆ. ಈ ಭೇದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಸಸ್ತನಿಗಳ ಮತ್ತು ಕೀಟಗಳ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ತಲೆಮಾರುಗಳ ಕಾಲ ಬೆಳೆಸಬಹುದು. ಸಿಗಡಿಯ ಕೋಶಗಳಿಗೆ ಸರ್ವಸಮ್ಮತವಾದ ಅಂಥ ಪರಂಪರೆಯನ್ನು ಬೆಳೆಸುವ ಪ್ರಯತ್ನಗಳು ದಶಕಗಳ ಕಾಲ ಫಲಿಸಲಿಲ್ಲ. ಆದ್ದರಿಂದ ಸಂಶೋಧಕರು ಅಲ್ಪಕಾಲ ಬದುಕುವ ರಕ್ತಕಣಗಳನ್ನೋ ಸಿಹಿನೀರಿನ ಕ್ರೇಫಿಶ್ ಪ್ರಾಣಿಯ ರಕ್ತೋತ್ಪಾದಕ ಕೋಶಗಳನ್ನೋ ಬಳಸಬೇಕಾಯಿತು. ಬೇರೆ ಪ್ರಾಣಿ, ಬೇರೆ ಕೋಶ, ಮಾರ್ಗವೂ ಬೇರೆಯಾಗಿದ್ದೀತು. ಇನ್ನೊಂದು ಕಾರಣ, ಮಾರ್ಗಗಳನ್ನು ತಡೆಯಲು ಬಳಸುವ ರಾಸಾಯನಿಕಗಳು. ಪೊರೆಯಿಂದ ಕೊಲೆಸ್ಟರಾಲನ್ನು ಕಿತ್ತರೆ ಒಂದೇ ಮಾರ್ಗ ಕೆಡುವುದಿಲ್ಲ, ಹಲವು ಕೆಡುತ್ತವೆ. ಎಲ್ಲ ದಾರಿಗಳಲ್ಲಿಯೂ ಒಟ್ಟಿಗೆ ಮುಳ್ಳು ಹಾಸಿ, ಅತಿಥಿ ಬರಲಿಲ್ಲವೆಂದ ಮೇಲೆ ಅವನು ಬರುತ್ತಿದ್ದ ದಾರಿ ಇಂಥದೇ ಎಂದು ಹೇಳುವಂತಿಲ್ಲ.

ಇಲ್ಲಿ ಒಂದು ರೂಪಕದ ವಿಷಯವನ್ನೂ ಹೇಳಬೇಕು. ವೈರಸ್ಸಿನ ಪ್ರವೇಶವನ್ನು ಕೋಟೆಯ ಮುತ್ತಿಗೆಗೆ ಹೋಲಿಸುವುದು ವಾಡಿಕೆ. ಕನ್ನಡ ವಿದ್ಯಾರ್ಥಿಗೆ ಕೂಡಲೇ ನೆನಪಾಗುವುದು ಚಿತ್ರದುರ್ಗದ ಓಬವ್ವನ ಕಿಂಡಿ. ಕವಚದ ಗೋಡೆ ಭದ್ರವಾಗಿದ್ದು ಮೂತ್ರರಂಧ್ರದ ಕಿಂಡಿಯಿಂದ ಶತ್ರು ನುಸುಳಿದನೆಂದು ದೇಹದ ಮಟ್ಟದಲ್ಲಿ ಹೇಳುವುದಕ್ಕೆ ಈ ಹೋಲಿಕೆ ಒಪ್ಪುತ್ತದೆ. ಜೀವಕೋಶದ ಮಟ್ಟದಲ್ಲಿ ಅದು ದಾರಿ ತಪ್ಪಿಸುತ್ತದೆ. ಅಲ್ಲಿ ಕಿಂಡಿಯೂ ಇಲ್ಲ, ನುಸುಳುವಿಕೆಯೂ ಇಲ್ಲ. ಆಹಾರವನ್ನೂ ಸಂಕೇತಗಳನ್ನೂ ಒಳಗೆ ತರಲು ಕೋಶವು ನಿತ್ಯ ನಡೆಸುವ ಕ್ರಿಯೆಯಿಂದಲೇ ವೈರಸ್ಸನ್ನೂ ಚೀಲದಲ್ಲಿಟ್ಟು ಒಳಗೆ ಹೊತ್ತೊಯ್ಯುತ್ತದೆ. ಮುಂದೆ ಕೋಶಕೇಂದ್ರದಲ್ಲಿಯೂ ಇದೇ ಕಥೆ. ಸಿಗಡಿಯ ಸ್ವಂತ ಪ್ರೋಟೀನಾದ ಸ್ಟ್ಯಾಟ್ ಎಂಬುದನ್ನೇ ವೈರಸ್ಸು ತನ್ನ ಮೊದಲ ಜೀನುಗಳಲ್ಲೊಂದನ್ನು ಎಚ್ಚರಿಸಲು ಬಳಸಿಕೊಳ್ಳುತ್ತದೆಂದು ತೈವಾನಿನವರು ೨೦೦೭ರಲ್ಲಿ ತೋರಿಸಿದ್ದಾರೆ. ಮುಚ್ಚಿಬಿಟ್ಟರೆ ಕೋಶವೇ ಬದುಕದಂತಹ ದಾರಿಗಳಿವು. ಬಾಗಿಲು ಸಿಕ್ಕಿದರೆ ಬೀಗವೂ ಸಿಕ್ಕಿತೆಂಬ ನಿರೀಕ್ಷೆ ಇಲ್ಲಿಯೇ ಕುಸಿಯುತ್ತದೆ.

೭

ಮೇಲಿನ ಚರ್ಚೆಯ ಫಲವನ್ನು ಹೀಗೆ ಸಂಗ್ರಹಿಸಬಹುದು. ಈ ವೈರಸ್ಸು ಹೊರಪದರ ಮತ್ತು ನಡುಪದರಗಳ ಅಂಗಗಳಲ್ಲಿ ಬೆಳೆಯುತ್ತದೆಂಬುದೂ, ಅಖಂಡವಾದ ಕವಚ ಬಲವಾದ ತಡೆಯೆಂಬುದೂ, ಕೋಶವು ಅದನ್ನು ಚೀಲಗಳಲ್ಲಿ ಒಳಗೆಳೆದುಕೊಳ್ಳುತ್ತದೆಂಬುದೂ ಸಿದ್ಧವೆಂದು ಎಣಿಸತಕ್ಕವು. ಮೂತ್ರರಂಧ್ರವು ಒಂದು ಮುಖ್ಯ ದ್ವಾರವೆಂಬುದೂ ಕುರುಮ ಸಿಗಡಿಯಲ್ಲಿ ೨೦೧೯ರಲ್ಲಿ ಪ್ರಕಟವಾದ ಗ್ರಾಹಕವೂ ಬಲವಾದ ಸಂಭಾವನೆಗಳು. ವಿ.ಪಿ. ೨೮ ಕೀಲಿಕೈಯೆಂಬುದು ಸಾಧಾರಣ ಸಂಭಾವನೆ. ರ‍್ಯಾಬ್ ೭ ಹೊರಬಾಗಿಲೆಂಬುದು ಸದ್ಯದ ಸಾಕ್ಷ್ಯದಿಂದ ನಿಲ್ಲದು. ಎಲ್ಲ ಕೋಶಗಳಿಗೂ ಒಂದೇ ಗ್ರಾಹಕ ಇರಲೇಬೇಕೆಂಬ ಪೂರ್ವಗ್ರಹವನ್ನೂ ಬಿಡುವುದು ಒಳ್ಳೆಯದು. ಇಷ್ಟು ವಿಧದ ಅಂಗಗಳಲ್ಲಿ, ಇಷ್ಟು ಜಾತಿಯ ಕಠಿಣಚರ್ಮಿಗಳಲ್ಲಿ ಬೆಳೆಯುವ ವೈರಸ್ಸಿಗೆ ಹಲವು ಹಿಡಿಕೆಗಳಿದ್ದರೆ ಆಶ್ಚರ್ಯವಿಲ್ಲ.

ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವವರು ಪ್ರತಿಯೊಂದು ನಿರ್ಣಯದ ಮುಂದೆಯೂ ನಾಲ್ಕು ಪ್ರಶ್ನೆಗಳನ್ನಿಡುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕೆಂದು ನಮ್ಮ ಸೂಚನೆ: ಯಾವ ಪ್ರಾಣಿಯಲ್ಲಿ? ವೈರಸ್ಸನ್ನು ಯಾವ ದಾರಿಯಿಂದ ಕೊಟ್ಟು? ಯಾವುದರೊಡನೆ ಹೋಲಿಸಿ? ಮೂರು ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರವಾಗಿ? ಪ್ರವೇಶವನ್ನು ತಡೆಯುವುದೆಂಬ ಹೆಸರಿನಲ್ಲಿ ನಾಳೆ ಒಂದು ಮದ್ದು ಕರಾವಳಿಯ ಅಂಗಡಿಗೆ ಬಂದರೂ ಕೇಳಬೇಕಾದ ಪ್ರಶ್ನೆಗಳು ಇವೇ. ಸೂಜಿಯಿಂದ ಚುಚ್ಚಿ ಹತ್ತಿಪ್ಪತ್ತು ಸಿಗಡಿಗಳಲ್ಲಿ ಕಂಡ ಫಲಕ್ಕೂ ಮಳೆಗಾಲದ ಹೊಂಡಕ್ಕೂ ಇರುವ ಅಂತರವನ್ನು ಆಗ ನಮ್ಮ ವಿದ್ಯಾರ್ಥಿಯೇ ತನ್ನ ಊರಿನ ಸಾಕಣೆದಾರನಿಗೆ ವಿವರಿಸಿ ಹೇಳಬಲ್ಲವನಾಗಿರಬೇಕು.